ಮುದ್ರೆ ಬಿದ್ದ ಜಾಕೆಟ್ಟು

ಈ ಊರಿನಲ್ಲಿ ಒಂದು ಜಾಕೆಟ್ಟನ್ನು ನ್ಯಾಯವಾಗಿ ಆರಿಸಬಲ್ಲ ಗಂಡಸು ಯಾರಾದರೂ ಇದ್ದರೆ ಅದು ತಾನೊಬ್ಬನೇ ಎಂದು ತಕ್ಕಡಿ ಸಾಹೇಬರು ಊಟದ ಮೇಜು ಗುದ್ದಿ ಘೋಷಿಸಿದರು. ಗುದ್ದಿದ ರಭಸಕ್ಕೆ ನೀರಿನ ಲೋಟ ಉರುಳಿತು. ಉರುಳಿದ ಲೋಟವನ್ನು ಸಾಹೇಬರು ಚೆನ್ನಾಗಿ ಬೈದರು. ಮತ್ತೇನು ಸ್ವಾಮಿ, ತಪ್ಪು ಲೋಟದ್ದೇ ತಾನೆ! ಒಬ್ಬ ಗಂಡಸು ಪ್ರತಿಜ್ಞೆ ಮಾಡುವಾಗ ಅದು ಮೇಜಿನ ಅಂಚಿನಲ್ಲಿ ಯಾಕೆ ನಿಂತಿರಬೇಕಿತ್ತು?

ತಕ್ಕಡಿ ಸಾಹೇಬರು ಎಂದರೆ ತೂಕ ಮತ್ತು ಅಳತೆ ಇಲಾಖೆಯ ಹಿರಿಯ ಇನ್ಸ್‌ಪೆಕ್ಟರು. ಅಂಗಡಿಯಿಂದ ಅಂಗಡಿಗೆ ಹೋಗಿ ತಕ್ಕಡಿ ಸಮವಾಗಿದೆಯೇ, ತೂಕದ ಬಟ್ಟು ಸವೆದಿದೆಯೇ ಎಂದು ಪರೀಕ್ಷಿಸುವುದು, ಸರಿಯಿದ್ದರೆ ತಂತಿ ಪೋಣಿಸಿ ಸೀಸದ ಮುದ್ರೆ ಒತ್ತುವುದು, ಸರಿಯಿಲ್ಲದಿದ್ದರೆ ದಂಡ ಜಡಿಯುವುದು ಅವರ ಕೆಲಸ. ಇಪ್ಪತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಆ ಹೆಸರು ಇಟ್ಟದ್ದು ಮಾರುಕಟ್ಟೆಯ ವ್ಯಾಪಾರಿಗಳು. ಎದುರಿಗೆ ಕರೆಯುವ ಹೆಸರು ಅದು. ಬೆನ್ನ ಹಿಂದೆ ಕರೆಯುವ ಹೆಸರುಗಳನ್ನು ಅಚ್ಚು ಹಾಕುವಂತಿಲ್ಲ. ಒಂದು ಗ್ರಾಂ ಕೂಡ ಬಿಡದ ಆಸಾಮಿ. ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಕಚೇರಿಯಲ್ಲಿ ಅವರು ಸೀನಿದರೂ ಗುಮಾಸ್ತರು ಎದ್ದು ನಿಲ್ಲುತ್ತಿದ್ದರು.

ಆದರೆ ಮನೆಯಲ್ಲಿ ಅವರಿಗಿಂತ ಒಂದು ಕೈ ಮೇಲಾದವರು ಇದ್ದರು. ಅವರ ಹೆಂಡತಿ, ಡ್ರಿಲ್ ಟೀಚರ್. ಶಾಲೆಯ ಆರುನೂರು ಮಕ್ಕಳನ್ನು ಒಂದೇ ಸೀಟಿಯಲ್ಲಿ ಸಾಲಾಗಿ ನಿಲ್ಲಿಸುವ ಗಟ್ಟಿ ಹೆಂಗಸು. ಎರಡು ವರ್ಷದ ಹಿಂದೆ ಬೆಟ್ಟ ಹತ್ತುವವರ ಗುಂಪೊಂದಕ್ಕೆ ಸೇರಿದ್ದರು. ವರ್ಷಕ್ಕೆರಡು ಸಲ ಆ ಗುಂಪು ದೊಡ್ಡ ಬೆಟ್ಟಕ್ಕೆ ಹೋಗುತ್ತದೆ. ಎರಡು ದಿನ ನಡಿಗೆ, ಮೂರನೇ ದಿನ ತುದಿಯ ಬಂಡೆಗೆ ಹಗ್ಗ ಕಟ್ಟಿಕೊಂಡು ಹತ್ತುವುದು. ನಾಲ್ಕು ಸಲವೂ ಟೀಚರ್ ಗಂಡನನ್ನು ಕರೆದಿದ್ದರು. ಮೊದಲ ಸಲ ಸಾಹೇಬರಿಗೆ ಮಂಡಿನೋವು ಬಂತು. ಎರಡನೇ ಸಲ ಆಡಿಟ್ ಬಂತು. ಮೂರನೇ ಸಲ ಹಲ್ಲುನೋವು. ನಾಲ್ಕನೇ ಸಲ ಕಾರಣ ಹೇಳುವುದನ್ನೇ ಮರೆತು ಸುಮ್ಮನೆ ಕೂಗಾಡಿಬಿಟ್ಟಿದ್ದರು.

ಈಗ ಐದನೇ ಸಲ. "ರೀ, ಬರ್ತೀರೋ ಇಲ್ವೋ, ಒಂದೇ ಮಾತಲ್ಲಿ ಹೇಳಿ," ಎಂದಿದ್ದರು ಟೀಚರ್. "ಇದೇ ಕೊನೆ. ಇನ್ಮೇಲೆ ನಾನು ಕರೆಯೋದೂ ಇಲ್ಲ, ನೀವು ಬರೋದೂ ಬೇಡ. ನನ್ನ ದಾರಿ ನನಗೆ, ನಿಮ್ಮ ಸೋಫಾ ನಿಮಗೆ."

ಟೀಚರ್ ಎಂದೂ ಮೆಲ್ಲಗೆ ಮಾತಾಡಿದವರಲ್ಲ. 'ಉಪ್ಪು ಕೊಡಿ' ಎನ್ನುವುದನ್ನೂ ಮೈದಾನದ ಆ ಕೊನೆಗೆ ಕೇಳುವಂತೆ ಹೇಳುವವರು. ಈ ಮಾತನ್ನು ಮಾತ್ರ ಮೆಲ್ಲಗೆ ಹೇಳಿದರು. ಇಷ್ಟು ವರ್ಷದ ಸಂಸಾರದಲ್ಲಿ ಹೆಂಡತಿ ಕರೆಯುವುದನ್ನೇ ನಿಲ್ಲಿಸುವ ದಿನ ಬರಬಹುದು ಎಂದು ಸಾಹೇಬರು ಲೆಕ್ಕ ಹಾಕಿರಲಿಲ್ಲ.

"ಬರ್ತೀನಿ! ಬರಲ್ಲ ಅಂತ ಯಾರಂದ್ರು?" ಎಂದು ಗುಡುಗಿದರು. "ಆದ್ರೆ ನಂಗೆ ಸರಿಯಾದ ಜಾಕೆಟ್ ಬೇಕು. ಸಿಕ್ಕಿದ್ದನ್ನ ಸುತ್ಕೊಂಡು ಬರೋನಲ್ಲ ನಾನು."

"ಅಂಗಡಿಗೆ ಹೋಗಿ ತಗೊಳ್ಳಿ. ನಂದು ನಾನು ಹತ್ತು ನಿಮಿಷಕ್ಕೆ ತಗೊಂಡೆ."

"ಅದಕ್ಕೇ ಅದು ಹಾಗಿರೋದು!"

ಮೇಜು ಗುದ್ದಿದ್ದು ಈ ಹಂತದಲ್ಲಿ.

ಮರುದಿನವೇ ಸಾಹೇಬರು ಗೆರೆ ಹಾಕಿದ ಹಾಳೆಯಲ್ಲಿ ಜಾಕೆಟ್ಟಿಗೆ ಹನ್ನೊಂದು ಷರತ್ತು ಬರೆದರು. ಒಂದೇ ಜಾಕೆಟ್ಟು, ನಡೆಯಲಿಕ್ಕೂ ಅದೇ, ಹತ್ತಲಿಕ್ಕೂ ಅದೇ. ಗಾಳಿಯನ್ನು ಒಳಗೆ ಬಿಡಕೂಡದು, ಬೆವರನ್ನು ಒಳಗೆ ಇಟ್ಟುಕೊಳ್ಳಕೂಡದು. ಬಂಡೆಗೆ ಉಜ್ಜಿದರೆ ಹರಿಯಕೂಡದು, ಹೊತ್ತರೆ ಭಾರ ಎನಿಸಕೂಡದು. ಕೈ ಎತ್ತಿದಾಗ ಸೊಂಟ ಕಾಣಕೂಡದು. ಅದರ ಟೋಪಿ ಹೆಲ್ಮೆಟ್ಟಿನ ಮೇಲೂ ಬರತಕ್ಕದ್ದು. ಕೊನೆಗೆ, ಮಡಿಸಿದರೆ ತನ್ನ ಜೇಬಿನೊಳಗೆ ತಾನೇ ಹೋಗಿ ತೆಪ್ಪಗೆ ಕೂರತಕ್ಕದ್ದು.

ಟೀಚರ್ ಹಾಳೆ ಓದಿದರು. "ಮದುವೆಗೆ ಮುಂಚೆ ನನ್ನಲ್ಲೂ ಇಷ್ಟೊಂದು ನೋಡಿರಲಿಲ್ಲ ನೀವು!"

"ಅದರ ಫಲ ಉಣ್ತಿದೀನಲ್ಲ!"

ಈ ಉತ್ತರ ಬಾಯಿಂದ ಹೊರಟಾಗ ಬಹಳ ಚೆನ್ನಾಗಿ ಕೇಳಿಸಿತು. ಆಮೇಲೆ ಒಂದು ವಾರ ಸಾಹೇಬರು ತಮ್ಮ ತಟ್ಟೆ, ತಮ್ಮ ಬಟ್ಟೆ, ತಮ್ಮ ಹಾಸಿಗೆ ಎಲ್ಲವನ್ನೂ ತಾವೇ ನೋಡಿಕೊಂಡರು.

ಸಿಟ್ಟಿನ ಮೆರವಣಿಗೆ ಅಂಗಡಿಗಳತ್ತ ಹೊರಟಿತು. ಮೊದಲ ಅಂಗಡಿಯಲ್ಲಿ ಜಿಪ್ಪು ಬಿಗಿ ಎಂದು ಜಗಳ. ಎರಡನೆಯದರಲ್ಲಿ ಜಿಪ್ಪು ಸಡಿಲ ಎಂದು ಜಗಳ. ಮೂರನೆಯದರಲ್ಲಿ "ಒಂದು ಹನಿ ನೀರೂ ಒಳಗೆ ಬರಲ್ಲ ಸರ್" ಎಂದು ಮಾರಾಟಗಾರ ಬಾಯಿತಪ್ಪಿ ಹೇಳಿಬಿಟ್ಟ. "ಹಾಗಾದ್ರೆ ಒಂದು ಬಕೆಟ್ ತಗೊಂಡ್ಬಾ" ಎಂದರು ಸಾಹೇಬರು. ಅವನು ತರಲು ಹೋದವನು ಮತ್ತೆ ಈಚೆಗೆ ಬರಲೇ ಇಲ್ಲ. ಹೀಗೆ ಎರಡು ವಾರ ಕಳೆಯಿತು.

ನಾಲ್ಕನೇ ಅಂಗಡಿಯಾಕೆ ಸ್ವತಃ ಬೆಟ್ಟ ಹತ್ತುವವಳು. ಕೈ ನೋಡಿದರೆ ಸಾಕು, ಗೊತ್ತಾಗುತ್ತಿತ್ತು. ಸಾಹೇಬರ ಹನ್ನೊಂದು ಷರತ್ತನ್ನು ತಾಳ್ಮೆಯಿಂದ ಕೇಳಿ, ಒಂದು ತೆಳ್ಳನೆಯ ನೀಲಿ ಜಾಕೆಟ್ಟು ತೆಗೆದು ಮುಂದಿಟ್ಟಳು. ಚೀಟಿಯಲ್ಲಿ 'ತೂಕ 240 ಗ್ರಾಂ' ಎಂದಿತ್ತು. ಬರೆದಿದ್ದನ್ನು ನಂಬಲು ಸಾಹೇಬರೇನು ಸಾಮಾನ್ಯ ಗಿರಾಕಿಯೇ? ಚೀಲದಿಂದ ಇಲಾಖೆಯ ತಕ್ಕಡಿ ತೆಗೆದು ಕೌಂಟರಿನ ಮೇಲೆ ಜೋಡಿಸಿದರು. ಜಾಕೆಟ್ಟು ಇಟ್ಟರು. ಇನ್ನೂರ ಅರವತ್ತಮೂರು!

"ಇಪ್ಪತ್ಮೂರು ಗ್ರಾಂ ವ್ಯತ್ಯಾಸ!" ಸಾಹೇಬರ ಆರ್ಭಟಕ್ಕೆ ಶೂ ನೋಡುತ್ತಿದ್ದ ಇಬ್ಬರು ಗಿರಾಕಿಗಳು ಮೆಲ್ಲನೆ ಜಾಗ ಖಾಲಿ ಮಾಡಿದರು.

"ಕಮ್ಮಿ ಇದೆಯಾ ಸರ್?"

"ಜಾಸ್ತಿ ಇದೆ!"

"ಅಯ್ಯೋ, ಜಾಸ್ತಿ ಕೊಟ್ಟಿದ್ದಕ್ಕೆ ಬೈಯೋ ಗಿರಾಕಿ ನೀವೇ ಮೊದಲು ನೋಡಿ."

ಸಾಹೇಬರು ಚೀಲಕ್ಕೆ ಕೈ ಹಾಕಿದರು. ನಿಯಮದ ಪುಸ್ತಕ ತೆಗೆದು ತಿರುವಿ ಹಾಕಿದರು. ಇಪ್ಪತ್ತೊಂಬತ್ತು ವರ್ಷ ಕಡಿಮೆ ತೂಗಿದವರನ್ನು ಹಿಡಿದು ಹಿಡಿದು ದಂಡ ಹಾಕಿದ ಮನುಷ್ಯ. ಜಾಸ್ತಿ ಕೊಟ್ಟವರಿಗೆ ಏನು ಮಾಡಬೇಕು ಎಂದು ಆ ಪುಸ್ತಕದಲ್ಲಿ ಒಂದಕ್ಷರ ಇರಲಿಲ್ಲ. ಅದಕ್ಕೂ ಸಿಟ್ಟು ಬಂತು. ಪುಸ್ತಕ ಬರೆದವನ ಮೇಲೂ ಸಿಟ್ಟು ಬಂತು.

"ಸರ್, ಚೀಟೀಲಿರೋದು ಮೀಡಿಯಂ ಸೈಜಿನ ತೂಕ," ಎಂದಳು ಅಂಗಡಿಯಾಕೆ. "ನಿಮಗೆ ನಾನು ಕೊಟ್ಟಿರೋದು ಡಬಲ್ ಎಕ್ಸೆಲ್. ಆ ಇಪ್ಪತ್ಮೂರು ಗ್ರಾಂ ಕಂಪನಿ ಮೋಸ ಅಲ್ಲ. ನಿಮ್ಮ ಹೊಟ್ಟೇದು."

"ಹಾಗಾದ್ರೆ ಮೀಡಿಯಂ ಕೊಡಿ!"

"ಸರ್, ಅದು ನಿಮಗೆ..."

"ಕೊಡಿ ಅಂದೆ!"

ಮೀಡಿಯಂ ಸರಿಯಾಗಿ ಇನ್ನೂರ ನಲವತ್ತು ತೂಗಿತು. ನ್ಯಾಯ ಗೆದ್ದಿತು! ಆದರೆ ಗೆದ್ದ ನ್ಯಾಯದೊಳಗೆ ಸಾಹೇಬರು ಹಿಡಿಸಬೇಕಲ್ಲ? ಉಸಿರು ಎಳೆದು, ಹೊಟ್ಟೆಯನ್ನು ಬೆನ್ನಿಗೆ ಅಂಟಿಸಿ, ಹಲ್ಲು ಕಚ್ಚಿ ಜಿಪ್ಪು ಎಳೆದರು. ಏರಿತು. ಮನೆಗೆ ಬಂದಾಗ ಟೀಚರ್ ಬಾಗಿಲಲ್ಲೇ ನಿಂತು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದೇನ್ರೀ, ದೊಡ್ಡ ದಿಂಬಿಗೆ ಚಿಕ್ಕ ಗವಸು ಹಾಕಿದ ಹಾಗಿದೆ?"

"ಬಟ್ಟೆ ಮೈಗೆ ಹತ್ತಿದ ಹಾಗಿರಬೇಕು. ಬೆಟ್ಟ ಹತ್ತೋರು ಹೀಗೇ ಹಾಕೋದು."

"ಬೆಟ್ಟ ಹತ್ತೋರು ಉಸಿರೂ ಆಡ್ತಾರೆ! ಆಯ್ತು, ಕೇಳಿ. ಶುಕ್ರವಾರ ನಾಲ್ಕು ಗಂಟೆಗೆ ಗುಂಪಿನ ಲೀಡರ್ ಎಲ್ಲರ ಸಾಮಾನು ನೋಡ್ತಾರೆ. ಅಷ್ಟರಲ್ಲಿ ಬರದಿದ್ರೆ ಹೆಸರು ಹೊಡೆದುಹಾಕ್ತಾರೆ. ಆಮೇಲೆ ನನ್ನ ಕೇಳಬೇಡಿ."

"ಪರೀಕ್ಷೆ ಆಗಲಿ. ಪಾಸಾದ್ರೆ ತಾನೆ!"

ಮನೆಯಲ್ಲಿ ಪರೀಕ್ಷೆಗಳು ಶುರುವಾದವು. ಮಳೆಯ ಪರೀಕ್ಷೆಗೆಂದು ಬಚ್ಚಲಿನಲ್ಲಿ ಜಾಕೆಟ್ಟು ತೊಟ್ಟು ಶವರಿನ ಕೆಳಗೆ ಅರ್ಧ ಗಂಟೆ ನಿಂತರು. ಹೊರಗೆ ಟೀಚರ್ ಶಾಲೆಗೆ ಹೊತ್ತಾಯಿತೆಂದು ಬಾಗಿಲು ಬಡಿಯುತ್ತಿದ್ದರು. ಜಾಕೆಟ್ಟು ಪಾಸು. ಗಾಳಿಯ ಪರೀಕ್ಷೆಗೆ ಫ್ಯಾನನ್ನು ಜೋರಾಗಿ ತಿರುಗಿಸಿ ಎದುರು ನಿಂತರು. ಟೀಚರ್ ಬರೆದಿಟ್ಟಿದ್ದ ಹಾಜರಿ ಹಾಳೆಗಳು ಮನೆ ತುಂಬ ಹಾರಿ, ನಾಲ್ಕು ಹಾಳೆ ಕಿಟಕಿಯಾಚೆ ಹೋದವು. ಜಾಕೆಟ್ಟು ಪಾಸು. ಬಂಡೆಯ ಪರೀಕ್ಷೆಗೆ ತಾರಸಿಯ ಮೋಟುಗೋಡೆಗೆ ತೋಳನ್ನು ಗಸಗಸ ಉಜ್ಜಿದರು. ಗೋಡೆಯ ಸುಣ್ಣ ಹೋಯಿತು, ಸಾಹೇಬರ ಮೊಣಕೈ ಒಳಗೇ ತರಚಿತು, ಜಾಕೆಟ್ಟಿಗೆ ಒಂದು ಗೆರೆಯೂ ಬೀಳಲಿಲ್ಲ. ಪಾಸು!

ಒಂದೊಂದು ಪರೀಕ್ಷೆ ಪಾಸಾದಾಗಲೂ ಸಾಹೇಬರ ಮುಖ ಇಷ್ಟಿಷ್ಟೇ ಇಳಿಯುತ್ತ ಬಂತು. ಇನ್ನೂ ಮುಚ್ಚಿಟ್ಟು ಏನು ಪ್ರಯೋಜನ, ಹೇಳಿಬಿಡುತ್ತೇನೆ. ಅವರಿಗೆ ಬೇಕಿದ್ದದ್ದು ಪಾಸಾಗುವ ಜಾಕೆಟ್ಟಲ್ಲ. ಎಲ್ಲೋ ಒಂದು ಕಡೆ ಹರಿಯಲಿ, ಸೋರಲಿ, ಬಿಚ್ಚಿಕೊಳ್ಳಲಿ ಎಂದು ಆ ಮನುಷ್ಯ ಒಳಗೊಳಗೇ ಬೇಡಿಕೊಳ್ಳುತ್ತಿದ್ದರು. ಜಾಕೆಟ್ಟು ನಪಾಸಾದರೆ ಬೆಟ್ಟವೂ ತಪ್ಪಿತು, ತಪ್ಪು ಕಂಪನಿಯ ತಲೆಗೂ ಹೋಯಿತು! ಈ ದರಿದ್ರ ಜಾಕೆಟ್ಟು ಮಾತ್ರ ಹಠಕ್ಕೆ ಬಿದ್ದ ಹಾಗೆ ಪಾಸಾಗುತ್ತಲೇ ಇತ್ತು.

ಉಳಿದದ್ದು ಬೆವರಿನ ಪರೀಕ್ಷೆ ಒಂದೇ. ಶುಕ್ರವಾರ ರಜೆ ಹಾಕಿದರು. ಟೀಚರ್ ಶಾಲೆಗೆ ಹೋಗಿದ್ದರು. ಮನೆಯಿರುವ ಕಟ್ಟಡಕ್ಕೆ ನಾಲ್ಕು ಮಹಡಿ. ಜಾಕೆಟ್ಟು ತೊಟ್ಟು, ಜಿಪ್ಪನ್ನು ಕತ್ತಿನವರೆಗೆ ಏರಿಸಿ, ಆ ಮೆಟ್ಟಿಲುಗಳನ್ನು ಹತ್ತು ಸಲ ಹತ್ತಿ ಇಳಿಯುವುದು. ನಡುವೆ ಜಿಪ್ಪು ತೆರೆಯಕೂಡದು.

ಇಲ್ಲಿ ಸಾಹೇಬರಿಗೆ ಒಂದು ಸಂಶಯ ಬಂತು. ಸೆಕೆಯಾದಾಗ ಕೈ ತಾನಾಗಿಯೇ ಜಿಪ್ಪಿಗೆ ಹೋದರೆ? ಪರೀಕ್ಷೆ ಕುಲಗೆಟ್ಟು ಹೋಗುವುದಿಲ್ಲವೇ? ಇಪ್ಪತ್ತೊಂಬತ್ತು ವರ್ಷ ಯಾರನ್ನೂ ನಂಬದವರು ತಮ್ಮ ಕೈಯನ್ನು ಮಾತ್ರ ಯಾಕೆ ನಂಬಬೇಕು? ಚೀಲದಿಂದ ತಂತಿ, ಸೀಸದ ಗುಂಡು, ಮುದ್ರೆಯ ಇಕ್ಕಳ ತೆಗೆದರು. ಜಿಪ್ಪಿನ ತುದಿಯ ತೂತಿನಿಂದ ತಂತಿ ಹಾಯಿಸಿ, ಟೋಪಿಯ ದಾರ ಹೊರಡುವ ಲೋಹದ ಬಳೆಗೆ ಬಿಗಿದು, ಎರಡೂ ತುದಿಯನ್ನು ಸೀಸದೊಳಗೆ ತೂರಿಸಿ ಇಕ್ಕಳ ಅಮುಕಿದರು. ಕಟಕ್! ಗದ್ದದ ಕೆಳಗೆ ಇಲಾಖೆಯ ಮುದ್ರೆ ಹೊಳೆಯಿತು. ಕನ್ನಡಿಯಲ್ಲಿ ನೋಡಿಕೊಂಡು ತೃಪ್ತಿಪಟ್ಟು ಮೆಟ್ಟಿಲ ಕಡೆ ನಡೆದರು.

ಮೂರನೇ ಸುತ್ತಿಗೆ ಬೆನ್ನು ಒದ್ದೆಯಾಯಿತು. ಐದನೇ ಸುತ್ತಿಗೆ ತೋಳಿನೊಳಗೆ ಬೆವರು ಮೊಣಕೈಗೆ ಇಳಿದು ನಿಂತಿತು. ಬೆವರನ್ನು ಹೊರಗೆ ಬಿಡುತ್ತೇವೆ ಎಂದು ಚೀಟಿಯಲ್ಲಿ ಬರೆದ ಕಂಪನಿಯವರು ಒಬ್ಬನೇ ಮನುಷ್ಯನಲ್ಲಿ ಇಷ್ಟೊಂದು ಬೆವರಿರುತ್ತದೆ ಎಂದು ಕನಸಲ್ಲೂ ಎಣಿಸಿರಲಾರರು. ಏಳನೇ ಸುತ್ತಿಗೆ ಸಾಹೇಬರು ಒಳಗಿಂದ ಪೂರ್ತಿ ತೊಯ್ದು ತೊಪ್ಪೆಯಾದರು. ಆಹಾ! ನಪಾಸು! ಮೂರು ವಾರದಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಕಂಡಿತು. ಹಾರಿಕೊಂಡು ಮನೆಗೆ ಬಂದು ಜಾಕೆಟ್ಟು ಬಿಚ್ಚಲು ಕೈಯನ್ನು ಕತ್ತಿಗೆ ಒಯ್ದರು. ಕೈಗೆ ಸೀಸದ ಗುಂಡು ಸಿಕ್ಕಿತು.

ಕತ್ತರಿಸಿದರಾಯಿತಲ್ಲ ಎನ್ನುತ್ತೀರಾ? ಅಷ್ಟು ಸುಲಭವಿದ್ದಿದ್ದರೆ ಈ ಕತೆ ಯಾಕೆ ಹೇಳುತ್ತಿದ್ದೆ! ಎರಡು ವರ್ಷದ ಹಿಂದೆ ಕಚೇರಿಯ ಗೋಡೆಗೆ ಒಂದು ಸುತ್ತೋಲೆ ಅಂಟಿಸಿದವರು ಇದೇ ಸಾಹೇಬರು: 'ಮುದ್ರೆ ಒತ್ತಿದ ಕೈ ಆ ಮುದ್ರೆಯನ್ನು ಒಡೆಯಕೂಡದು. ಬೇರೊಬ್ಬ ಅಧಿಕಾರಿಯು ಕಚೇರಿಯಲ್ಲಿ, ಇಬ್ಬರು ಸಾಕ್ಷಿಗಳ ಸಮಕ್ಷಮ, ಕಾರಣ ದಾಖಲಿಸಿ ಒಡೆಯತಕ್ಕದ್ದು.' ತಲೆಯ ಮೇಲಿಂದ ಎಳೆದು ತೆಗೆಯೋಣವೆಂದರೆ ಮೀಡಿಯಂ ಸೈಜು. ಹೊಟ್ಟೆಯ ಬಳಿಯೇ ಜಪ್ಪಯ್ಯ ಎಂದರೂ ಮೇಲೇಳಲಿಲ್ಲ. ಸಾಹೇಬರು ಫ್ಯಾನಿನ ಕೆಳಗೆ ಸೋಫಾದಲ್ಲಿ ಕುಕ್ಕರಿಸಿ ಇಡೀ ಜಗತ್ತನ್ನು ಬೈಯುತ್ತ ಕೂತರು.

ಒಂದೂವರೆಗೆ ಟೀಚರ್ ಬಂದರು. "ಏನ್ರೀ ಇದು? ಮನೆಯೊಳಗೆ ಜಾಕೆಟ್ಟು! ಮುಖ ನೋಡಿ, ಬೆಂದುಹೋಗಿದೆ. ಬಿಚ್ರಿ ಅದನ್ನ!"

"ಬಿಚ್ಚೋಕಾಗಲ್ಲ. ಮುದ್ರೆ ಬಿದ್ದಿದೆ."

"ಯಾರು ಹಾಕಿದ್ದು?"

"ಯಾರು ಹಾಕ್ತಾರೆ? ನಾನೇ."

ಟೀಚರ್ ನೆಟ್ಟಗೆ ಅಡುಗೆಮನೆಗೆ ಹೋಗಿ ಕತ್ತರಿ ಹಿಡಿದು ಬಂದರು. ಸಾಹೇಬರು ಸೋಫಾದ ಹಿಂದಕ್ಕೆ ಹಾರಿದರು.

"ಮುಟ್ಟಬೇಡ! ಸರ್ಕಾರಿ ಮುದ್ರೆ! ಅಪರಾಧ ಆಗತ್ತೆ!"

"ಇಲಿ ಕಡೀತು ಅಂತ ಹೇಳ್ರಿ!"

"ಹೋದ ತಿಂಗಳು ಈರುಳ್ಳಿ ಮಂಡಿಯವನು ಅದೇ ಮಾತು ಹೇಳಿದ. ದಂಡ ಹಾಕಿದೆ. ಇವತ್ತು ನಾನೇ ಕತ್ತರಿಸಿಕೊಂಡ್ರೆ ನಾಳೆ ಯಾವ ಮುಖ ಇಟ್ಕೊಂಡು ಅವನ ಅಂಗಡಿ ಮೆಟ್ಟಿಲು ಹತ್ತಲಿ ಹೇಳು?"

ಟೀಚರ್ ಕತ್ತರಿ ಇಳಿಸಿದರು. ಈ ಗಂಡನ ಜೊತೆ ಜಗಳಕ್ಕೆ ನೂರು ಕಾರಣ ಸಿಗುತ್ತವೆ. ಅವನ ಪ್ರಾಮಾಣಿಕತೆಯ ಕಡೆ ಮಾತ್ರ ಅವರು ಎಂದೂ ಬೆರಳು ತೋರಿಸಿದವರಲ್ಲ. "ಏಳಿ," ಎಂದರು ಹಲ್ಲು ಕಡಿಯುತ್ತ. "ಗಾಡಿ ಹತ್ತಿ. ನಾಲ್ಕು ಗಂಟೆಗೆ ನಾನು ಲೀಡರ್ ಮುಂದೆ ಇರಬೇಕು. ಅಷ್ಟರಲ್ಲಿ ನಿಮ್ಮನ್ನ ಬಿಚ್ಚಿಸ್ತೀನಿ, ಇಲ್ಲಾ ಆ ಮುದ್ರೆ ಸಮೇತ ಅಲ್ಲೇ ಬಿಟ್ಟು ಹೋಗ್ತೀನಿ."

ಸುಡುಬಿಸಿಲಿನಲ್ಲಿ ಸ್ಕೂಟರ್ ಹೊರಟಿತು. ಹಿಂದಿನ ಸೀಟಿನಲ್ಲಿ ಕತ್ತಿನವರೆಗೆ ಜಾಕೆಟ್ಟು ಬಿಗಿದುಕೊಂಡ, ಕೆಂಡದಂಥ ಮುಖದ ಸಾಹೇಬರು. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಆಟೋದವನು "ಯಜಮಾನ್ರಿಗೆ ಚಳಿಜ್ವರಾನಾ ಅಮ್ಮಾ?" ಎಂದು ಕನಿಕರದಿಂದ ಕೇಳಿದ. "ಹೂಂ, ಮದುವೆಯಾದಾಗಿಂದ!" ಎಂದರು ಟೀಚರ್.

ಕಚೇರಿಯಲ್ಲಿ ಇದ್ದದ್ದು ಕಿರಿಯ ಇನ್ಸ್‌ಪೆಕ್ಟರ್ ಒಬ್ಬಳೇ. ಸಾಹೇಬರ ಕೈಕೆಳಗೆ ಕೆಲಸ ಕಲಿತ ಹುಡುಗಿ. ಕಲಿಸಿದ್ದನ್ನೆಲ್ಲ ಕಲಿತಿದ್ದಳು, ಅದೇ ತೊಂದರೆಯಾದದ್ದು.

"ಬೇಗ ಕತ್ತರಿಸಮ್ಮ," ಎಂದರು ಸಾಹೇಬರು.

"ಫಾರ್ಮು ತುಂಬಬೇಕು ಸರ್. ಇಬ್ಬರು ಸಾಕ್ಷಿಗಳೂ ಬೇಕು."

"ನನಗೇ ನಿಯಮ ಹೇಳ್ತೀಯಾ!"

"ನೀವೇ ಹೇಳಿಕೊಟ್ಟದ್ದು ಸರ್," ಎಂದು ಗೋಡೆಯ ಸುತ್ತೋಲೆ ತೋರಿಸಿದಳು.

ಸಾಕ್ಷಿಗಳಿಗೆಂದು ಎದುರಿನ ಮಾರುಕಟ್ಟೆಗೆ ಹೇಳಿಕಳಿಸಿದ್ದೇ ತಡ, ಎರಡೇ ನಿಮಿಷದಲ್ಲಿ ಈರುಳ್ಳಿ ಮಂಡಿಯವನು ಓಡೋಡಿ ಬಂದ. ಅಂಗಡಿಯನ್ನು ತೆರೆದದ್ದು ತೆರೆದ ಹಾಗೇ ಬಿಟ್ಟು ಬಂದಿದ್ದ. ಅವನ ಹಿಂದೆಯೇ ಗುಜರಿ ಅಂಗಡಿಯವನು. ಇವನಿಗೆ ಹೋದ ವರ್ಷ ಎರಡು ಸಲ ದಂಡ ಬಿದ್ದಿತ್ತು. ಇಬ್ಬರೂ ಬೆಂಚಿನ ಮೇಲೆ ಹೊಸ ಅಳಿಯಂದಿರ ಹಾಗೆ ನೆಟ್ಟಗೆ ಕೂತರು.

ಕಿರಿಯ ಇನ್ಸ್‌ಪೆಕ್ಟರ್ ಪೆನ್ನು ತೆಗೆದಳು. "ಮುದ್ರೆ ಬಿದ್ದಿರೋ ವಸ್ತು... ಜಾಕೆಟ್ಟು. ವರ್ಗ ಯಾವುದು ಸರ್? ತೂಗೋ ಸಾಧನವೋ, ಅಳೆಯೋ ಸಾಧನವೋ?"

"ಅಳೆಯೋದು ಅಂತ ಬರ್ಕೊಳಮ್ಮ!" ಎಂದರು ಟೀಚರ್. "ನನ್ನ ತಾಳ್ಮೆ ಅಳೆಯೋ ಸಾಧನ!"

"ಮುದ್ರೆ ಹಾಕಿದ ಕಾರಣ?"

"ಪರೀಕ್ಷೆ," ಎಂದರು ಸಾಹೇಬರು.

"ಯಾವುದರ ಪರೀಕ್ಷೆ ಸರ್? ಕಾರಣ ಸ್ಪಷ್ಟವಾಗಿರಬೇಕು."

"ಬೆವರಿಂದು!"

"ಅಲ್ಲಾ ಸಾಹೇಬ್ರೇ," ಎಂದ ಈರುಳ್ಳಿ ಮಂಡಿಯವನು ಬಹಳ ವಿನಯದಿಂದ, "ಈಗ ಬೆವರಿಗೂ ಮುದ್ರೆ ಹಾಕಿಸಬೇಕಾ? ನಮ್ಮ ಹಮಾಲರಿಗೆ ಹೇಳಿಬಿಡ್ತೀನಿ."

"ನೀನು ಸಾಕ್ಷಿ! ಸಾಕ್ಷಿ ಬಾಯಿ ಮುಚ್ಕೊಂಡಿರಬೇಕು!"

"ಸುಳ್ಳು ಬರೀಬೇಡಮ್ಮ!" ಟೀಚರ್ ಎದ್ದು ನಿಂತರು. "ಮೂರು ವಾರದಿಂದ ನೋಡ್ತಾನೇ ಇದೀನಿ. ಜಿಪ್ಪು ಸರಿಯಿಲ್ಲ, ಗ್ರಾಂ ಸರಿಯಿಲ್ಲ, ಗಾಳಿ ಸರಿಯಿಲ್ಲ! ಇದ್ಯಾವುದೂ ಅಲ್ಲ ಕಾರಣ. ಇವರಿಗೆ ಬರೋಕೇ ಇಷ್ಟ ಇಲ್ಲ. ಹೆಂಡತಿ ಜೊತೆ ಮೂರು ದಿನ ಇರೋಕೆ ಇಷ್ಟ ಇಲ್ಲ ಅಂತ ಬರ್ಕೋ ಅದರಲ್ಲಿ!"

ಕೊನೆಯ ಮಾತಿಗೆ ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಆರುನೂರು ಮಕ್ಕಳ ಎದುರು ಒಮ್ಮೆಯೂ ತಿರುಗದ ಮುಖ. ಅದನ್ನು ಕಂಡ ಸಾಹೇಬರಿಗೆ ಮೂರು ವಾರದಿಂದ ಒಳಗೆ ಕುದಿಯುತ್ತಿದ್ದದ್ದೆಲ್ಲ ಒಮ್ಮೆಲೇ ಉಕ್ಕಿ ಬಂತು.

"ಇಷ್ಟ ಇಲ್ಲ ಅಂತ ಯಾರೇ ಹೇಳಿದ್ದು ನಿಂಗೆ? ಹೆದರಿಕೆ ಕಣ್ಲೇ! ಹೆದರಿಕೆ! ಸ್ಟೂಲ್ ಹತ್ತಿ ಬಲ್ಬ್ ಹಾಕೋವಾಗಲೇ ನನ್ನ ಕಾಲು ಗಡಗಡ ನಡುಗತ್ತೆ. ನೀನು ಆ ಬಂಡೆಗೆ ಹಲ್ಲಿ ಥರ ಅಂಟ್ಕೊಂಡಿರೋ ಫೋಟೋ ನೋಡಿದ್ರೇ ನಾನು ಕೂತಿರೋ ಕುರ್ಚೀನ ಗಟ್ಟಿಯಾಗಿ ಹಿಡ್ಕೋತೀನಿ. ನಂಗೆ ಅದನ್ನ ಹತ್ತೋಕಾಗಲ್ಲ! ಸಾಕಾ? ಎಲ್ಲರೂ ಕೇಳಿಸ್ಕೊಂಡ್ರಾ?"

ಕಿರಿಯ ಇನ್ಸ್‌ಪೆಕ್ಟರ್ ಫಾರ್ಮಿನಲ್ಲಿ 'ಹೆದರಿಕೆ' ಎಂದು ಗುಂಡಗೆ ಬರೆದಳು. ಸಾಕ್ಷಿಗಳಿಂದ ಸಹಿ ಹಾಕಿಸಿದಳು. ತಂತಿ ಕತ್ತರಿಸಿದಳು. ಸರ್ರನೆ ಜಿಪ್ಪು ಇಳಿಯಿತು, ಸಾಹೇಬರಿಗೆ ಉಸಿರು ಬಂತು.

ಟೀಚರ್ ಗಂಡನನ್ನೇ ನೋಡುತ್ತಿದ್ದರು. "ಅಲ್ರೀ, ಬಂಡೆ ಹತ್ತಿ ಅಂತ ನಿಮಗೆ ಯಾರು ಹೇಳಿದ್ದು?"

"ಮತ್ತೆ? ಬೆಟ್ಟಕ್ಕೆ ಬಂದು ಇನ್ನೇನು ಮಾಡೋದು?"

"ಬಂಡೆ ಬುಡದ ತನಕ ನಡ್ಕೊಂಡು ಬರೋದು. ಹತ್ತೋಳು ನಾನು. ನೀವು ಕೆಳಗೆ ನೆಲದ ಮೇಲೆ ನಿಂತು, ಮೇಲಿನ ಕೊಂಡಿಯಿಂದ ಇಳಿದುಬರೋ ನನ್ನ ಹಗ್ಗದ ಇನ್ನೊಂದು ತುದಿ ಹಿಡಿಯೋದು."

"ಕೆಳಗೆ? ನೆಲದ ಮೇಲೆ?"

"ಹೋದ ಸಲ ನಮ್ಮ ಗುಂಪಿನ ಲೈಬ್ರರಿಯವರು ಹಿಡಿದಿದ್ರು. ಐವತ್ತು ಕಿಲೋ ಮನುಷ್ಯ. ನಾನು ಕಾಲು ಜಾರಿ ಕೆಳಗೆ ಬಂದೆ, ಅವರು ಹಗ್ಗದ ಜೊತೆ ಮೇಲಕ್ಕೆ ಹೋದ್ರು! ನಡುದಾರೀಲಿ ಇಬ್ಬರೂ ಮುಖ ಮುಖ ನೋಡ್ಕೊಂಡು ನೇತಾಡಿದ್ವಿ. ಲೀಡರ್ ಬೈದ್ರು. ನಿನ್ನ ಹಗ್ಗಕ್ಕೆ ನಿನಗಿಂತ ಭಾರ ಇರೋರು ಬೇಕು, ಹಿಡಿದದ್ದನ್ನ ಬಿಡದೇ ಇರೋರು ಬೇಕು ಅಂದ್ರು."

"ಇದನ್ನ ಮೊದಲೇ ಹೇಳೋಕೇನಾಗಿತ್ತು ನಿಂಗೆ?"

"ಹೇಳೋಕೆ ಬಿಟ್ರಾ ನೀವು? ನಾನು ಬಾಯಿ ತೆಗೆದ್ರೆ ಜಾಕೆಟ್ಟು! ಬಾಯಿ ಮುಚ್ಚಿದ್ರೂ ಜಾಕೆಟ್ಟು!" ಟೀಚರ್ ಇನ್ನೂ ಸಿಟ್ಟಿನಲ್ಲೇ ಇದ್ದರು, ಕಣ್ಣಲ್ಲಿ ಮಾತ್ರ ನೀರು ತುಂಬಿತ್ತು. "ಒಂದು ಗ್ರಾಂ ಬಿಡದ ಮನುಷ್ಯ ನನ್ನ ಹಗ್ಗ ಬಿಡ್ತಾನಾ? ಅದಕ್ಕೇ ಕಣ್ರೀ ಐದೂ ಸಲ ನಿಮ್ಮನ್ನೇ ಕರೆದದ್ದು."

ಸಾಹೇಬರು ಜಾಕೆಟ್ಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ಅದು ನೀರು ಹೀರದ ಬಟ್ಟೆ; ಕಣ್ಣೀರು ಮುಖದ ತುಂಬ ಹರಡಿತು.

"ಸಾಕು, ಅದನ್ನ ಇಲ್ಲಿ ಕೊಡಿ. ಅದು ನಂಗೆ ಸರಿಹೋಗತ್ತೆ. ನಿಮಗೆ ಡಬಲ್ ಎಕ್ಸೆಲ್ ದಾರೀಲಿ ತಗೊಳೋಣ, ಹತ್ತು ನಿಮಿಷ," ಎಂದರು ಟೀಚರ್. ಗೋಡೆಯ ಗಡಿಯಾರದಲ್ಲಿ ಮೂರೂಕಾಲು. ಚೀಲದಿಂದ ಒಂದು ಹಾಳೆ ತೆಗೆದರು. "ಇನ್ನೊಂದು ಕೆಲಸ ಇದೆ. ಗುಂಪಿನ ಅರ್ಜೀಲಿ ನಿಮ್ಮ ತೂಕ ಎಪ್ಪತ್ತೆಂಟು ಅಂತ ಬರೆದಿದ್ದೀರಿ. ಲೀಡರ್ ನಿಮ್ಮ ಫೋಟೋ ನೋಡಿ ನಂಬಲಿಲ್ಲ. ಹಗ್ಗದ ಮೇಲೆ ಜೀವ ನಿಂತಿರತ್ತೆ, ನಿಜವಾದ ತೂಕ ಬರೆಸ್ಕೊಂಡು ಬಾ ಅಂದಿದ್ದಾರೆ."

"ಎಪ್ಪತ್ತೆಂಟೇ ನನ್ನ ತೂಕ!"

"ಹತ್ತಿ ಮೇಲೆ."

ಕಚೇರಿಯ ಮೂಲೆಯಲ್ಲಿ ಮೂಟೆ ತೂಗುವ ದೊಡ್ಡ ತಕ್ಕಡಿ ಇತ್ತು. ಗುಜರಿಯವನು ಎದ್ದು, ಹೆಗಲ ಮೇಲಿನ ಬಟ್ಟೆಯಿಂದ ಅದರ ಧೂಳು ಕೊಡವಿದ. ಈರುಳ್ಳಿ ಮಂಡಿಯವನು ಮುಳ್ಳಿನ ಎದುರು ಬಗ್ಗಿ ನಿಂತ. ಸಾಹೇಬರು ಹತ್ತಿದರು. ಮುಳ್ಳು ಎಪ್ಪತ್ತೆಂಟನ್ನು ತಿರುಗಿಯೂ ನೋಡದೆ ದಾಟಿ ಮುಂದೆ ಹೋಯಿತು.

"ತೊಂಬತ್ತೇಳು ಕಿಲೋ ನಾನೂರು ಗ್ರಾಂ!" ಹರಾಜು ಕೂಗುವ ದನಿಯಲ್ಲಿ ಮಂಡಿಯವನು ಕೂಗಿದ. ಎದುರಿನ ಮಾರುಕಟ್ಟೆಗೆಲ್ಲ ಕೇಳಿಸಿತು.

"ಸುಳ್ಳು!" ಸಾಹೇಬರು ಅಬ್ಬರಿಸಿದರು. "ಈ ತಕ್ಕಡಿ ಸರಿಯಿಲ್ಲ! ಯಾವ ಮುಠ್ಠಾಳ ಇದನ್ನ ಪಾಸು ಮಾಡಿದ್ದು?"

ಕಿರಿಯ ಇನ್ಸ್‌ಪೆಕ್ಟರ್ ಬಗ್ಗಿ ತಕ್ಕಡಿಯ ಮುದ್ರೆಯನ್ನು ನೋಡಿದಳು, ರಿಜಿಸ್ಟರು ತೆರೆದು ಬೆರಳಿಟ್ಟಳು.

"ಸೋಮವಾರ ಬೆಳಿಗ್ಗೆ ಸರ್. ನೀವೇ."